ಬನಶಂಕರಿಯಲ್ಲಿ ಉಳಿದ ಅಕ್ಕ

ಬಸ್ಸು ಬಿಡುವ ಮುಂಚೆ ಶಂಕರಲಿಂಗ ಹಿಂದಿನ ಸೀಟಿನಿಂದ ಮುಂದಿನ ಸೀಟಿನತನಕ ಒಮ್ಮೆ ಕಣ್ಣಾಡಿಸುತ್ತಿದ್ದ. ಹುನಗುಂದದಲ್ಲಿ ಚಹಾಕ್ಕೆ ಇಳಿದವರು, ಅಮೀನಗಡದಲ್ಲಿ ಕರದಂಟು ತರಲು ಓಡಿದವರು, ಗೋಡೆಯ ಮರೆಗೆ ಹೋದ ಮುದುಕರು, ಎಲ್ಲರೂ ಬಂದು ಕೂತರೆಂದು ಖಾತ್ರಿಯಾಗದೆ ಅವನ ಬಾಯಿಂದ ‘ರೈಟ್’ ಹೊರಡುತ್ತಿರಲಿಲ್ಲ. ಡ್ರೈವರುಗಳು ಇದಕ್ಕೆ ಬೇಸರಪಟ್ಟುಕೊಳ್ಳುತ್ತಿದ್ದರು. ‘ಈ ಮನಷ್ಯಾನ ಜೋಡಿ ಡ್ಯೂಟಿ ಬಿದ್ರ ಟೈಮ್ ಸಿಗೂದಿಲ್ಲ’ ಎಂದು ಇಳಕಲ್ ಡಿಪೋದಲ್ಲಿ ಮಾತಿತ್ತು. ಆದರೆ ಇಷ್ಟು ವರ್ಷದ ಕಂಡಕ್ಟರಿಕೆಯಲ್ಲಿ ಅವನು ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ.

ಅಂಥವನು ಹೋದ ಬೇಸಿಗೆಯಲ್ಲಿ ತನ್ನ ಒಡಹುಟ್ಟಿದ ಅಕ್ಕನನ್ನು ಬನಶಂಕರಿಯಲ್ಲಿ ಬಿಟ್ಟು ಬಂದ.

ಅಕ್ಕನ ಹೆಸರು ಗುರುಲಿಂಗವ್ವ. ಶಂಕರಲಿಂಗನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅವರ ಅವ್ವ ಬೇಗ ತೀರಿಹೋಗಿದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಗುಡೂರಿಗೆ ಮದುವೆಯಾಗಿ ಹೋದಳು, ಮಕ್ಕಳಾಗಲಿಲ್ಲ, ಗಂಡ ಹೋದ. ಈಗ ಮೈದುನನ ಮನೆಯಲ್ಲಿದ್ದಾಳೆ. ಇದ್ದಾಳೆ ಎಂದರೆ ಮೂಲೆ ಹಿಡಿದು ಕೂತಿಲ್ಲ. ಆ ಮನೆಯ ಎಮ್ಮೆ, ಹಿತ್ತಲು, ಅಡುಗೆ ಮನೆಯ ಬೀಗ ಎಲ್ಲ ಅವಳ ಸುಪರ್ದಿನಲ್ಲೇ. ಪ್ರತಿ ವರ್ಷ ಯುಗಾದಿ ಮುಗಿದು ಬಿಸಿಲು ಏರಿತೆಂದರೆ ತಮ್ಮನ ಮನೆಗೆ ಇಳಕಲ್ಲಿಗೆ ಬರುತ್ತಾಳೆ. ಶಾವಿಗೆ ಹೊಸೆಯುವುದು, ಹಪ್ಪಳ, ಸಂಡಿಗೆ, ಖಾರದ ಪುಡಿ, ವರ್ಷದ ಇಡೀ ಸಾಮಾನು ಅವಳ ಕೈಯಲ್ಲೇ ಆಗಬೇಕು. ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತು, ಓಣಿಯ ಹೆಂಗಸರನ್ನೆಲ್ಲ ಸುತ್ತ ಸೇರಿಸಿಕೊಂಡು, ಕೈಗಿಂತ ಹೆಚ್ಚು ಬಾಯಿ ಓಡಿಸುತ್ತಾಳೆ. ಅವಳು ಬಂದರೆ ಮನೆಯಲ್ಲಿ ರೇಡಿಯೋ ಹಚ್ಚಿದ ಹಾಗೆ ಎಂದು ಶಂಕರಲಿಂಗನ ಹೆಂಡತಿ ಸುನಂದಾ ನಗುತ್ತಾಳೆ.

ಅವಳ ಮಾತು ಶಂಕರಲಿಂಗನಿಗೂ ಒಂದು ಕಾಲಕ್ಕೆ ಸವಿಯಾಗಿತ್ತು. ಮಗಳ ಮದುವೆಯಾದ ಮೇಲೆ ಅದು ಅವನಿಗೆ ಮುಳ್ಳಾಗತೊಡಗಿತು. ಮಗಳು ನೀಲಾಳನ್ನು ಬಾಗಲಕೋಟೆಯ ನವನಗರದ ಮನೆಗೆ ಕೊಟ್ಟಿದ್ದ. ಅಳಿಯ ಚೇತನಕುಮಾರ ಕಾಲೇಜಿನಲ್ಲಿ ಪಾಠ ಹೇಳುವವನು. ಬೀಗರು ಅಂದಪ್ಪ ಬ್ಯಾಂಕಿನಿಂದ ರಿಟೈರಾದವರು. ಬೀಗತಿ ಮಹೇಶ್ವರಿ ಓದಿದವಳು, ಮಾತು ಮೆತ್ತಗೆ. ಅವರು ಯಾವತ್ತೂ ಕಂಡಕ್ಟರನ ಮನೆ ಎಂದು ಹಗುರಾಗಿ ಕಂಡವರಲ್ಲ. ಹಗುರಾಗಿ ಕಾಣುತ್ತಿದ್ದವನು ಶಂಕರಲಿಂಗನೇ. ಬೀಗರು ಮನೆಗೆ ಬಂದಾಗ ಗೋಡೆಗೆ ತೂಗು ಹಾಕಿದ ಖಾಕಿ ಅಂಗಿಯನ್ನು ಒಳಗೆ ತೆಗೆದಿಡುತ್ತಿದ್ದ. ಅಕ್ಕ ಜೋರಾಗಿ ನಕ್ಕರೆ ಅವನ ಕಣ್ಣು ಮೊದಲು ಬೀಗರ ಮುಖ ನೋಡುತ್ತಿತ್ತು.

ಮೇ ತಿಂಗಳಲ್ಲಿ ಎರಡೂ ಮನೆಯವರು ಕೂಡಿ ಬಾದಾಮಿಗೆ ಹೋಗುವುದೆಂದು ಮಾತಾಯಿತು. ಅವರು ಬಾಗಲಕೋಟೆಯಿಂದ ತಮ್ಮ ಕಾರಿನಲ್ಲಿ, ಇವರು ಇಳಕಲ್ಲಿನಿಂದ ಬಾಡಿಗೆಯ ಕ್ರೂಸರಿನಲ್ಲಿ. ಸುನಂದಾಳ ತಂಗಿಯ ಮಕ್ಕಳು, ತಮ್ಮಂದಿರು, ಅವರ ಸಂಸಾರ ಎಂದು ಕ್ರೂಸರ್ ತುಂಬಿತು. ಡ್ರೈವರ್ ಅಲ್ಲಾಸಾಬ ಅದೇ ಓಣಿಯವನು, ಶಂಕರಲಿಂಗನ ಓರಿಗೆಯವನು, ಕ್ರೂಸರ್ ಅವನ ಸ್ವಂತದ್ದು.

ಅಕ್ಕನಿಗೆ ಗಾಡಿ ಆಗಿಬರುವುದಿಲ್ಲ. ಲಿಂಬೆಹಣ್ಣು ಮೂಸುತ್ತಾ ಕೂತರೂ ಹೊಟ್ಟೆ ತೊಳಸುತ್ತದೆ. ಸಕ್ಕರೆ ಕಾಯಿಲೆ ಬೇರೆ ಇರುವುದರಿಂದ ಆಗಾಗ ಗಾಡಿ ನಿಲ್ಲಿಸಬೇಕು. ಅಂದು ಬಾದಾಮಿ ಮುಟ್ಟುವುದರೊಳಗೆ ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ಹೊತ್ತೇರಿತು. ಗುಹೆಗಳ ಕೆಳಗೆ ಬೀಗರ ಕಾರು ಆಗಲೇ ಬಂದು ನಿಂತಿತ್ತು. ಚೇತನಕುಮಾರ ನೆರಳಿಲ್ಲದ ಕಡೆ ನಿಂತು ಮೊಬೈಲು ನೋಡುತ್ತಿದ್ದ.

“ತಡಾ ಆತ್ರಿ. ನಮ್ಮ ಅಕ್ಕಗ ದಾರ‍್ಯಾಗ ಆರಾಮ ಇರಲಿಲ್ಲ,” ಎಂದ ಶಂಕರಲಿಂಗ. ಅಪರಾಧಿಯ ಹಾಗೆ ನಿಂತಿದ್ದ.

“ಇರ್ಲಿ ಬಿಡ್ರಿ ಮಾವಾರ, ನಾವೂ ಈಗ ಬಂದೇವಿ,” ಎಂದ ಅಳಿಯ.

ಎಲ್ಲರೂ ಮೆಟ್ಟಿಲು ಹತ್ತಿದರು. ಅಕ್ಕ ಹತ್ತಲಾರೆನೆಂದು ಕೆಳಗೇ ಕೂತಳು. ಕೈಯಲ್ಲಿ ಶೇಂಗಾದ ಉಂಡಿಯ ಗಂಟಿತ್ತು. ಇವರು ಇಳಿದು ಬರುವುದಕ್ಕೂ ಒಂದು ಮಂಗ ಆ ಗಂಟು ಕಸಿಯುವುದಕ್ಕೂ ಸರಿಹೋಯಿತು. ಅಕ್ಕ ಬಿಡಲಿಲ್ಲ. ಅದು ಎಳೆಯಿತು, ಅವಳೂ ಎಳೆದಳು. ಗಂಟು ಹರಿದು ಉಂಡಿಗಳು ಉರುಳಿದವು, ಮಂಗಗಳ ದಂಡೇ ಬಂತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಗಗಳಿಗೆ ಗುಡೂರಿನ ಬೈಗುಳವನ್ನೆಲ್ಲ ಬೈದಳು. ನೋಡಲು ಬಂದಿದ್ದ ಜನ ಮೊಬೈಲು ತೆಗೆದು ವಿಡಿಯೋ ಮಾಡಿದರು. ನೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬೀಗತಿ ಮಹೇಶ್ವರಿಯೂ ಸೆರಗು ಬಾಯಿಗೆ ಒತ್ತಿ ನಕ್ಕಳು. ಶಂಕರಲಿಂಗನೊಬ್ಬ ನಗಲಿಲ್ಲ.

ಬನಶಂಕರಿಗೆ ಹೊರಟಾಗ ಮಹೇಶ್ವರಿಯೇ ಅಂದಳು, “ಅಕ್ಕಾರು ನಮ್ಮ ಕಾರಿನ್ಯಾಗ ಮುಂದ ಕುಂದರ್ಲಿ. ಏಸಿ ಐತಿ, ತ್ರಾಸ ಆಗೂದಿಲ್ಲ.” ಅಕ್ಕ ಮುಂದಿನ ಸೀಟಿನಲ್ಲಿ ಕೂತು ಹೋದಳು. ಇಳಿಯುವಾಗ ಹಣೆ ಒತ್ತಿಕೊಂಡು, “ಆ ತಂಪ ಗಾಳಿ ತಲಿಗೆ ಹೊಡಿತು. ವಾಪಸ್ ಹೋಗೂಮುಂದ ನಾ ನಮ್ಮ ಗಾಡ್ಯಾಗ ಬರ್ತೇನಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ದರ್ಶನವಾಯಿತು. ಹೊಂಡದ ಹತ್ತಿರ ಮರದ ನೆರಳಿಗೆ ಚಾಪೆ ಹಾಸಿ ಊಟಕ್ಕೆ ಕೂತರು. ಮನೆಯಿಂದ ತಂದ ಗರಿಗರಿ ಕಟಗ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಅಲ್ಲಿ ಬುಟ್ಟಿ ಹೊತ್ತು ರೊಟ್ಟಿ ಮಾರುವ ಹೆಂಗಸರಿಂದ ಕಡಲೆಹಿಟ್ಟಿನ ಜುಣಕವನ್ನೂ ಕೊಂಡರು. ಊಟದ ನಡುವೆ ಮಹೇಶ್ವರಿ ಮಾತಿಗೆ ಮಾತು ಬಂದು ಕೇಳಿದಳು, “ಅಕ್ಕಾರ, ನಮ್ಮ ಬೀಗರು ಸಣ್ಣಾವರಿದ್ದಾಗಿಂದ ಹಿಂಗ ಗಂಭೀರ ಏನ್ರಿ?”

ಗುರುಲಿಂಗವ್ವನಿಗೆ ಅಷ್ಟು ಸಾಕಿತ್ತು. “ಗಂಭೀರ? ಇಂವಾ? ಏಳನೇತ್ತಾ ಓದೂತನಕ ಹಾಸಿಗಿ ಒದ್ದಿ ಮಾಡ್ತಿದ್ದರಿ. ಮುಂಜಾನೆದ್ದು ಬೆಕ್ಕು ಮಾಡೇತಿ ಅಂತಿದ್ದ. ಒಂದಿನಾ ನಮ್ಮಪ್ಪ ಬೆಕ್ಕನ್ನ ಹೊರಗ ಹಾಕಿ ಬಾಗಲಾ ಹಾಕಿದ್ರು. ಮರುದಿನಾ ಕೇಳಿದ್ರ ಇಂವಾ ಏನಂದ ಗೊತ್ತೇನ್ರಿ? ರಾತ್ರಿ ಹೆಂಚ ತಗದು ಇಳದಿತ್ತು ಅಂದ.”

ಚಾಪೆಯ ತುಂಬ ನಗು. ಅಳಿಯ ನೀರು ಕುಡಿಯುತ್ತಿದ್ದವನು ನೆತ್ತಿಗೇರಿಸಿಕೊಂಡ. ಬೀಗರು ಅಂದಪ್ಪ ತೊಡೆ ತಟ್ಟಿದರು. ಅಕ್ಕನಿಗೆ ಇನ್ನೂ ಹುರುಪು ಬಂದು ಮುಂದಿನದಕ್ಕೆ ಬಾಯಿ ತೆರೆದಳು.

“ಅಕ್ಕಾ, ಸಾಕ ಮಾಡು,” ಎಂದ ಶಂಕರಲಿಂಗ. ದನಿ ಅವನಿಗೇ ಅಪರಿಚಿತವಾಗಿತ್ತು. “ಎಲ್ಲಿ ಏನ ಮಾತಾಡಬೇಕು ಅನ್ನೂದು ನಿನಗ ಯಾವಾಗ ತಿಳಿತೈತೋ. ಮುಂಜಾನಿಂದ ಬರೇ ಇದ ಆತು. ನಿನ್ನ ಕರಕೊಂಡು ಬಂದಿದ್ದ ತಪ್ಪಾತು.”

ನಗು ನಿಂತಿತು. ಸುನಂದಾ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು. ಗುರುಲಿಂಗವ್ವ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಿಂದು ಮುಗಿಸಿದಳು, ತಾಟು ಎತ್ತಿಕೊಂಡು ಎದ್ದು ಹೋಗಿ ಕೈ ತೊಳೆದಳು. ಚಾಪೆಗೆ ಬರಲಿಲ್ಲ. ಆಚೆ ಬೇವಿನ ಗಿಡದ ಕೆಳಗೆ ರೊಟ್ಟಿ ಮಾರುವವಳ ಬುಟ್ಟಿಯ ಪಕ್ಕ ಕೂತು ಅವಳ ಜೊತೆ ಏನೋ ಮಾತು ತೆಗೆದಳು. ಶಂಕರಲಿಂಗನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಹೋಗಿ ಕರೆಯಬೇಕು ಅನ್ನಿಸಿತು. ಬೀಗರ ಎದುರು ಈಗಷ್ಟೇ ಬೈದು ಈಗಷ್ಟೇ ಹಿಂದೆ ಹೋಗುವುದು ಹೇಗೆ ಎಂದೂ ಅನ್ನಿಸಿತು. ಆಮೇಲೆ ಮಾತಾಡಿಸಿದರಾಯಿತು ಎಂದುಕೊಂಡು ಎಲೆ-ಅಡಿಕೆ ಹಾಕಿಕೊಂಡು ಹೊಂಡದ ಸುತ್ತ ಒಂದು ಸುತ್ತು ಹೋದ.

ಅವನು ತಿರುಗಿ ಬಂದಾಗ ಎಲ್ಲರೂ ಗಾಡಿ ಹತ್ತಿಯಾಗಿತ್ತು. ಪಟ್ಟದಕಲ್ಲು ಮುಚ್ಚುವುದರೊಳಗೆ ಮುಟ್ಟಬೇಕೆಂಬ ಗಡಿಬಿಡಿ. ಬೀಗರ ಕಾರು ಮೊದಲು ಹೊರಟಿತು. ಅದು ಪಕ್ಕದಲ್ಲಿ ಹಾದು ಹೋದಾಗ ಮುಂದಿನ ಸೀಟಿನಲ್ಲಿ ಅಂದಪ್ಪ ಕೂತಿದ್ದು ಅವನಿಗೆ ಕಂಡಿತು. ಹಿಂದೆ ಯಾರಿದ್ದಾರೆಂದು ನೋಡಲಿಲ್ಲ. ಕ್ರೂಸರಿನ ಮುಂದೆ ಕೂತು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ಕಣ್ಣಾಡಿಸಿದ. ಕಿಟಕಿಯ ಪಕ್ಕ ಅಕ್ಕ ಕೂತಿದ್ದ ಜಾಗದಲ್ಲಿ ಮಕ್ಕಳು ಕಾಲು ಚಾಚಿದ್ದರು.

ಅಲ್ಲಾಸಾಬ ಕೀಲಿ ತಿರುವುತ್ತಾ ಕೇಳಿದ, “ಎಲ್ಲಾರೂ ಬಂದ್ರಿಲ್ರಿ ಶಂಕ್ರಣ್ಣಾರ? ಅಕ್ಕಾರು ಕಾಣವಲ್ರು.”

“ಕಾರಿನ್ಯಾಗ ಹೋಗ್ಯಾಳ. ನಡಿ,” ಎಂದ.

ಹಾಗೆಂದಾಗ ಅವನಿಗೆ ಅದು ಗೊತ್ತಿರಲಿಲ್ಲ. ಕತ್ತು ಹೊರಳಿಸಿದ್ದರೆ ಬೇವಿನ ಗಿಡ ಕಾಣುತ್ತಿತ್ತು. ಹೊರಳಿಸಲಿಲ್ಲ. ಇನ್ನೊಂದು ತಾಸು ಅವಳು ಈ ಗಾಡಿಯಲ್ಲಿ ಇರುವುದಿಲ್ಲ, ದಾರಿಯಲ್ಲಿ ನಿಲ್ಲಿಸುವ ಗೋಜಿಲ್ಲ, ಮೋರೆ ನೋಡುವ ಸಂಕಟವಿಲ್ಲ. ಒಂದು ಹಗುರಾದ ಉಸಿರು ಅವನ ಎದೆಯಿಂದ ಹೊರಟಿತು. ಆಮೇಲೆ ಎಷ್ಟೋ ದಿನ ಅವನನ್ನು ಸುಟ್ಟದ್ದು ಆ ಒಂದು ಉಸಿರೇ.

ಪಟ್ಟದಕಲ್ಲಿನಲ್ಲಿ ಇಳಿದ ಕೂಡಲೇ ಸುನಂದಾ ಕಾರಿನತ್ತ ನಡೆದಳು, “ಅಕ್ಕಾರು ಎಲ್ರಿ?”

ಮಹೇಶ್ವರಿ ಗಾಬರಿಯಾದಳು. “ನಿಮ್ಮ ಗಾಡ್ಯಾಗ ಬರ್ತೇನಿ ಅಂದಿದ್ರಲ್ರಿ. ಅದಕ್ಕ ನಾವು ಕೇಳಲೇ ಇಲ್ಲ.”

ನೀಲಾ ಫೋನು ಹಚ್ಚಿದಳು. ಕ್ರೂಸರಿನ ಸೀಟಿನ ಕೆಳಗಿಂದ ರಿಂಗು ಕೇಳಿಸಿತು. ಅಕ್ಕನ ಕೈಚೀಲ ಅಲ್ಲೇ ಇತ್ತು. ಅದರಲ್ಲಿ ಫೋನು, ಆಧಾರ ಕಾರ್ಡು, ಗುಳಿಗೆಯ ಡಬ್ಬಿ, ದುಡ್ಡಿನ ಪುಟ್ಟ ಗಂಟು. ಎಲ್ಲರೂ ಶಂಕರಲಿಂಗನ ಮುಖ ನೋಡಿದರು. ಚೇತನಕುಮಾರ ಕೇಳಿದ, “ಹೊರಡೂ ಮುಂದ ಯಾರೂ ನೋಡಲಿಲ್ಲೇನ್ರಿ ಮಾವಾರ?”

“ನಾ ಎಲೆ-ಅಡಿಕಿ ಹಾಕ್ಕೊಳ್ಳಾಕ ಹೋಗಿದ್ದೆ,” ಎಂದ ಶಂಕರಲಿಂಗ. ನಾಲಿಗೆ ತಾನೇ ಮುಂದೆ ಓಡಿತು. “ಈ ಅಲ್ಲಾಸಾಬ ಒಂದ ಸವನ ಗಡಿಬಿಡಿ ಮಾಡಿದ. ನೋಡಾಕರ ಎಲ್ಲಿ ಬಿಟ್ಟ.”

ಅಲ್ಲಾಸಾಬ ಬಾನೆಟ್ಟಿನ ಪಕ್ಕ ನಿಂತು ಕೈ ಒರೆಸಿಕೊಳ್ಳುತ್ತಿದ್ದ. ಒರೆಸುವುದನ್ನು ನಿಲ್ಲಿಸಿದ. ಶಂಕರಲಿಂಗನನ್ನು ನೋಡಿದ, ಬೀಗರನ್ನು ನೋಡಿದ. ಹೋಗಿ ಗಾಡಿ ಶುರು ಮಾಡಿದ. ಅಳಿಯ ತಾನೂ ಬರುತ್ತೇನೆಂದ. ಶಂಕರಲಿಂಗ ಬೇಡವೆಂದು ಒಬ್ಬನೇ ಹತ್ತಿ ಕೂತ.

ದಾರಿಯುದ್ದಕ್ಕೂ ಬಿಸಿಗಾಳಿ ಕಿಟಕಿಯಿಂದ ಮುಖಕ್ಕೆ ಬಡಿಯುತ್ತಿತ್ತು. ಬಾದಾಮಿಯ ಕೆಂಪು ಗುಡ್ಡ ದೂರದಲ್ಲಿ ಕಾಣತೊಡಗಿತು. ಶಂಕರಲಿಂಗನ ತಲೆಯಲ್ಲಿ ಬೇರೆ ಒಬ್ಬ ಮುದುಕಿ ಬಂದು ನಿಂತಿದ್ದಳು. ಎಂದೋ ಒಮ್ಮೆ ಹೆಂಗಸರ ಪುಕ್ಕಟೆ ಟಿಕೆಟ್ಟಿಗೆ ಬೇಕಾದ ಆಧಾರ ಕಾರ್ಡು ಮರೆತು ಬಂದವಳನ್ನು ಟಿಕೆಟ್ ತೆಗೆಸು, ಇಲ್ಲವಾದರೆ ಇಳಿ ಎಂದು ಕಂದಗಲ್ಲಿನಲ್ಲಿ ಇಳಿಸಿದ್ದ. ನಿಯಮ ನಿಯಮವೇ ಎಂದು ಅಂದು ಅವನಿಗೆ ಏನೂ ಅನ್ನಿಸಿರಲಿಲ್ಲ. ಈಗ ಅಕ್ಕನ ಕೈಚೀಲ ತೊಡೆಯ ಮೇಲಿತ್ತು.

“ಅಲ್ಲಾಸಾಬ, ತಪ್ಪಾತು,” ಎಂದ. “ನೀ ಕೇಳಿದ್ದಿ. ನಾನ ನಡಿ ಅಂದೆ.”

“ಹೌದ್ರಿ, ಕೇಳಿದ್ದೆ,” ಎಂದ ಅಲ್ಲಾಸಾಬ, ರಸ್ತೆಯಿಂದ ಕಣ್ಣು ತೆಗೆಯದೆ. “ಬೀಗರ ಮುಂದ ನಿಮ್ಮ ಮರ್ಯಾದಿ ಹೋಗೂದು ಬ್ಯಾಡಂತ ಸುಮ್ಮನಾದೆ. ಆದ್ರ ಊರಾಗ ನಾ ಇದ ಗಾಡಿ ಮ್ಯಾಲ ಹೊಟ್ಟಿ ಹೊರಕೋಬೇಕ್ರಿ. ಮಂದಿ ಬಿಟ್ಟು ಬರ್ತಾನ ಅಂತ ಹೆಸರಾದ್ರ ಯಾರು ಕರೀತಾರ?”

ಶಂಕರಲಿಂಗ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡ.

ಬನಶಂಕರಿಯಲ್ಲಿ ಬೇವಿನ ಗಿಡದ ಕೆಳಗೆ ಅಕ್ಕ ಇರಲಿಲ್ಲ. ಬುಟ್ಟಿಯವಳು ಇದ್ದಳು. ತಾಯವ್ವ ಎಂದು ಅವಳ ಹೆಸರು. ಇವನು ಕೇಳುವ ಮೊದಲೇ ಗುರುತು ಹಿಡಿದಳು.

“ನೀನೇನಪ್ಪಾ ಆಕಿ ತಮ್ಮ? ಭಾಳ ಹೊತ್ತು ನನ್ನ ಸಂಗಾಟ ಕುಂತಿದ್ಲು. ನಾ ಊಟಕ್ಕ ಹ್ವಾದ್ರ ಆಕೀನ ರೊಟ್ಟಿ ಮಾರಿಕೊಟ್ಲು. ಬಿಸಲ ಇಳದಮ್ಯಾಲ ನಮ್ಮ ಸೊಸಿ ಬಾದಾಮಿ ಪ್ಯಾಟಿಗೆ ಹೊಂಟಿದ್ಲು, ಆಕಿ ಜೋಡಿ ಟಂಟಂ ಹತ್ತಿ ಬಸ್‌ಸ್ಟ್ಯಾಂಡಿಗೆ ಹ್ವಾದ್ಲು.”

“ಏನರ ಅಂದ್ಲೇನ್ರಿ?”

“ಏನಂತಾಳ? ಮಂದಿ ಮುಂದ ಹೋಗ್ಯಾರ, ನಾ ತಾಯಿ ಹತ್ರ ಒಂಚೂರು ಕುಂತು ಹೋಗ್ತೇನಿ ಅಂದೇನಿ ಅಂದ್ಲು,” ಎಂದು ತಾಯವ್ವ ಗುಡಿಯ ಕಡೆ ಕೈ ತೋರಿಸಿದಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯತನಕ ನೋಡಿ, “ಒಂದ ತುತ್ತು ಕೊಟ್ರೂ ತಿನ್ನಲಿಲ್ಲಪಾ. ಹೊಟ್ಟಿ ತುಂಬೇತಿ ಅಂದ್ಲು,” ಎಂದಳು.

ಬಾದಾಮಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಶಂಕರಲಿಂಗನಿಗೆ ಗುರುತಿನವನೇ. ಇವನನ್ನು ಕಂಡು ಕುರ್ಚಿಯಿಂದ ಎದ್ದು ನಿಂತ. “ಏನ್ರಿ ಶಂಕರಲಿಂಗ, ನಿಮ್ಮ ಅಕ್ಕಾರನ್ನ ಆಗಲೇ ಗುಡೂರ ಗಾಡಿ ಹತ್ತಿಸಿದೆ. ನನ್ನ ತಮ್ಮ ಇಳಕಲ್ ಡಿಪೋದಾಗ ಕಂಡಕ್ಟರ್ ಅದಾನ, ನಿಮ್ಗ ಗೊತ್ತಿರಬೇಕು ಅಂತ ಹೆಸರ ಹೇಳಿದ್ರು. ಇನ್ನೊಂದ ಪೂಜಾ ನೋಡೂದಿತ್ತಂತ ಉಳದೆ, ಚೀಲಾ ಗಾಡ್ಯಾಗ ಮರತೆ ಅಂದ್ರು. ಮುಬಶೀರಾ ಅಂತ ನಮ್ಮ ಹೊಸಾ ಕಂಡಕ್ಟರ್ ಹುಡುಗಿ ಇತ್ತು, ಕಾರ್ಡ್ ಇಲ್ಲಂದ್ರೂ ಇರ್ಲಿ, ಇವರ ಟಿಕೆಟ್ ನಾ ನೋಡ್ಕೋತೇನಿ ಅಂತ ತನ್ನ ಬಾಜೂಕ ಕುಂದರಿಸಿಕೊಂಡು ಹೋತು.” ಅವನು ನಗುತ್ತಾ ಸೇರಿಸಿದ, “ನಿಮ್ಮ ಮ್ಯಾಲ ಭಾಳ ಅಭಿಮಾನರಿ ಅವರಿಗೆ. ನನ್ನ ತಮ್ಮ ಒಬ್ಬರನ್ನೂ ಬಿಟ್ಟು ಗಾಡಿ ಬಿಡಾಂವಲ್ಲ ಅಂದ್ರು.”

ಶಂಕರಲಿಂಗ ಗೋಡೆಯ ಮೇಲಿನ ವೇಳಾಪಟ್ಟಿ ನೋಡುವವನ ಹಾಗೆ ಮುಖ ತಿರುಗಿಸಿದ.

ಅವರು ಗುಡೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಗುರುಲಿಂಗವ್ವ ಆಗಲೇ ಮೋರೆ ತೊಳೆದು, ಎಮ್ಮೆಯ ಮುಂದೆ ಕೂತು ಹಾಲು ಹಿಂಡುತ್ತಿದ್ದಳು. ಪಡಸಾಲೆಯಲ್ಲಿ ಮೈದುನ, ಅವನ ಹೆಂಡತಿ, ಮಕ್ಕಳು ಇದ್ದರು. “ಬಾರಪಾ. ನಿಮ್ಮ ಅಕ್ಕಗ ಮನಿ ನೆಪ್ಪಾಗಿ ಬಂದ್ಲಂತ. ಶಾವಿಗಿ ಅರ್ಧಕ್ಕ ಬಿಟ್ಟಾಳ, ಬೈಯಪಾ ಆಕೀನ,” ಎಂದು ಮೈದುನ ನಕ್ಕ. ಅವನಿಗೆ ಬೇರೊಂದು ಕಥೆ ಹೇಳಿದ್ದಳು.

ಚಹಾ ಬಂತು. ಶಂಕರಲಿಂಗ ಕುಡಿದ. ಕೈಚೀಲ ಕೊಟ್ಟ. ಅವಳು ಗುಳಿಗೆ ತೆಗೆದು ನುಂಗಿದಳು. ಇಷ್ಟೆಲ್ಲದರಲ್ಲಿ ಅವನಿಗೆ ಒಂದು ಮಾತು ಆಡಲು ಎಡೆ ಸಿಗಲಿಲ್ಲ, ಸಿಗದಂತೆ ಅವಳೇ ಮಂದಿಯ ನಡುವೆ ಓಡಾಡಿಕೊಂಡಿದ್ದಳು. ಹೊರಟಾಗ ಮಾತ್ರ ಅಂಗಳದ ಆಚೆಗೆ, ಗಾಡಿಯ ತನಕ ಬಂದಳು. ಅಲ್ಲಾಸಾಬ ಅದನ್ನು ಕಂಡು ಬೀಡಿಯ ನೆಪದಲ್ಲಿ ದೂರ ಸರಿದ.

“ಅಕ್ಕಾ, ನೀ ಕಾರಿನ್ಯಾಗ ಹೋಗೀಯಂತ ತಿಳಕೊಂಡೆ,” ಎಂದ ಶಂಕರಲಿಂಗ.

“ನಿಮ್ಮ ಗಾಡಿ ನನ್ನ ಮುಂದ ಹಾದು ಹೋತು ಶಂಕ್ರ್ಯಾ,” ಎಂದಳು ಗುರುಲಿಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಕೈ ಮಾಡಬಹುದಿತ್ತು. ಒದರಬಹುದಿತ್ತು. ಕರೀತಾನೇನು ನೋಡೂಣು ಅಂತ ಕುಂತೆ. ನೀ ಮುಂದ ನೋಡ್ಕೋತ ಹ್ವಾದಿ.”

ಅವನು ಏನೋ ಹೇಳಹೊರಟ. ಅವಳು ಬಿಡಲಿಲ್ಲ. “ಹೋಗು, ಬೀಗರು ಕಾಯ್ತಿರ್ತಾರ. ಪೂಜಾಕ್ಕ ಉಳದಿದ್ದೆ ಅಂತ ಹೇಳು.”

ಪಟ್ಟದಕಲ್ಲಿಗೆ ಮರಳಿ ಅವನು ಹಾಗೆಯೇ ಹೇಳಿದ. ಎಲ್ಲರೂ ನಿಟ್ಟುಸಿರು ಬಿಟ್ಟರು. ಸುನಂದಾ ಒಬ್ಬಳೇ ನಂಬಲಿಲ್ಲ. ಆದರೆ ಅವಳೂ ಕೆದಕಲಿಲ್ಲ. ಅರ್ಧಕ್ಕೆ ನಿಂತ ಶಾವಿಗೆಯನ್ನು ಓಣಿಯ ಹೆಂಗಸರನ್ನು ಕರೆದು ತಾನೇ ಮುಗಿಸಿದಳು. ಈ ಸಲದ ಶಾವಿಗೆ ದಪ್ಪವಾಗಿತ್ತು, ತಟ್ಟೆಗೆ ಬಡಿಸುವಾಗೆಲ್ಲ ಅದು ಎದ್ದು ಕಾಣುತ್ತಿತ್ತು.

ಶಂಕರಲಿಂಗನಿಗೆ ಡ್ಯೂಟಿಯ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ಕಿಟಕಿಯ ಪಕ್ಕ ಲಿಂಬೆಹಣ್ಣು ಹಿಡಿದು ಕೂತ ಹೆಂಗಸನ್ನು ಕಂಡರೆ ಚಿಲ್ಲರೆ ಕೊಡುವುದು ಮರೆಯುತ್ತಿದ್ದ. ಅಲ್ಲಾಸಾಬ ಎದುರಿಗೆ ಬಂದರೆ ನಮಸ್ಕಾರ ಮಾಡುತ್ತಿದ್ದ, ಅವನೂ ತಿರುಗಿ ಮಾಡುತ್ತಿದ್ದ, ಅಷ್ಟೇ. ಬೀಗರಿಗೆ ಒಮ್ಮೆ ಫೋನು ಹಚ್ಚಿ ಎಲ್ಲ ಹೇಳಿಬಿಡಬೇಕೆಂದು ನಾಲ್ಕಾರು ಸಲ ಮೊಬೈಲು ಕೈಗೆತ್ತಿಕೊಂಡು ಇಟ್ಟ. ತಪ್ಪು ಒಂದೇ ಆಗಿದ್ದರೆ ಹೇಳಬಹುದಿತ್ತು. ಅದರ ಬೆನ್ನಿಗೆ ಎರಡನೆಯದು ಅಂಟಿಕೊಂಡಿತ್ತು. ಅಲ್ಲಾಸಾಬನ ಹೆಸರು ತೆಗೆದದ್ದೇ ಅವನಿಗೆ ರಾತ್ರಿ ಹೆಚ್ಚು ನೆನಪಾಗುತ್ತಿತ್ತೋ, ಅಕ್ಕನ ಬೆನ್ನು ನೆನಪಾಗುತ್ತಿತ್ತೋ, ಅವನಿಗೇ ಗೊತ್ತಿರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಬೀಗರ ಮನೆಯವರು ತುಳಸಿಗೇರಿ ಹನುಮಪ್ಪನಿಗೆ ಹರಕೆ ತೀರಿಸಿ ಊಟ ಇಟ್ಟುಕೊಂಡರು. ಎಲ್ಲರಿಗೂ ಕರೆ ಬಂದಿತ್ತು, ಗುರುಲಿಂಗವ್ವನಿಗೆ ಮಹೇಶ್ವರಿಯೇ ಫೋನು ಮಾಡಿ ಕರೆದಿದ್ದಳು. ಅವಳು ಗುಡೂರಿನಿಂದ ಬಸ್ಸಿನಲ್ಲಿ ತಾನಾಗಿ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಎಲ್ಲರನ್ನೂ ಮಾತಾಡಿಸಿದಳು, ತಮ್ಮನನ್ನೂ ಮಾತಾಡಿಸಿದಳು. ಬಡಿಸುವವರ ಜೊತೆ ನಿಂತು ಹುಗ್ಗಿ ಬಡಿಸಿದಳು. ಎಲ್ಲ ಸರಿಯಾಗಿಯೇ ಇತ್ತು. ಊಟವಾಗಿ ಹೆಂಗಸರು ಗಂಡಸರು ಒಂದೇ ಕಡೆ ಕೂತಾಗ ಮಹೇಶ್ವರಿ ಮಾತಿಗೆ ತೆಗೆದಳು.

“ಅಕ್ಕಾರ, ಆವತ್ತು ಬೀಗರು ಡ್ರೈವರ್ ಗಡಿಬಿಡಿ ಮಾಡಿ ನಿಮ್ಮನ್ನ ಬಿಟ್ಟು ಬಂದಾನಂದ್ರು. ಆಮ್ಯಾಲ ನೀವ ಉಳದಿದ್ರಿ ಅಂದ್ರು. ಏನರ ಆಗ್ಲಿ, ಆ ಡ್ರೈವರನ ಮತ್ತ ಕರೀಬ್ಯಾಡ್ರಿ. ನಮ್ಮ ತಂಗಿ ಮನಿಯವರು ಮಂತ್ರಾಲಯಕ್ಕ ಗಾಡಿ ಕೇಳಿದ್ರು, ಆತನ ಬ್ಯಾಡಂತ ನಾನ ಹೇಳೇನಿ.”

“ಅಂವಂದೇನಿಲ್ರಿ,” ಎಂದಳು ಗುರುಲಿಂಗವ್ವ ನಗುತ್ತಾ. “ನಾನ ಉಳದಿದ್ದೆ. ಇನ್ನೊಂದ ಪೂಜಾ—”

“ಇಲ್ರಿ,” ಎಂದ ಶಂಕರಲಿಂಗ. ಎಲ್ಲರೂ ತಿರುಗಿ ನೋಡಿದರು. “ಅಕ್ಕ ಪೂಜಾಕ್ಕ ಉಳದಿದ್ದಿಲ್ಲ. ಅಲ್ಲಾಸಾಬ ಎಲ್ಲಾರೂ ಬಂದ್ರೇನು ಅಂತ ಕೇಳಿದ್ದ. ನಾನ ಅಕ್ಕ ಕಾರಿನ್ಯಾಗ ಹೋಗ್ಯಾಳ, ನಡಿ ಅಂದೆ. ನೋಡದ ಅಂದೆ. ಊಟದಾಗ ಬೈದಿದ್ದೆ, ಆಕಿ ಮೋರಿ ನೋಡೂದು ಬ್ಯಾಡಾಗಿತ್ತು ನನಗ. ಬಿಟ್ಟು ಬಂದಾಂವ ನಾನ.”

ಅಂದಪ್ಪ ಕೆಮ್ಮಿದರು. ಮಹೇಶ್ವರಿ ಗುರುಲಿಂಗವ್ವನ ಕೈ ಹಿಡಿದುಕೊಂಡಳು, “ಅಯ್ಯ, ಪಾಪ ಅಕ್ಕಾರ,” ಎಂದಳು. ಉಳಿದ ಹೆಂಗಸರೂ ‘ಪಾಪ’ ಎಂದರು. ಯಾರೋ ಒಬ್ಬರು, ಮಕ್ಕಳಿಲ್ಲದವರ ಹಣೆಬರಹ ಎಂದು ಮೆಲ್ಲಗೆ ಅಂದದ್ದೂ ಕೇಳಿಸಿತು. ಗುರುಲಿಂಗವ್ವ ತನ್ನ ಕೈಯನ್ನು ನಯವಾಗಿ ಬಿಡಿಸಿಕೊಂಡು ಎದ್ದು ಹೋದಳು.

ಶಂಕರಲಿಂಗ ಅವಳ ಹಿಂದೆ ಹೋದ. ಗುಡಿಯ ಹಿಂಬದಿಯ ನಲ್ಲಿಯ ಹತ್ತಿರ ಅವಳು ಸಿಕ್ಕಳು. ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಗಿತ್ತು ಅವನಿಗೆ. ಅವಳು ಈಗ ತಲೆ ಸವರುತ್ತಾಳೆ ಎಂದೇ ತಿಳಿದಿದ್ದ.

“ಆತಿಲ್ಲೋ ನಿನ್ನ ಸಮಾಧಾನ?” ಎಂದಳು ಅವಳು. ಹುಟ್ಟಿದಾಗಿನಿಂದ ಅವಳನ್ನು ಇಷ್ಟು ಸಿಟ್ಟಿನಲ್ಲಿ ಅವನು ನೋಡಿರಲಿಲ್ಲ. “ಅಲ್ಲಾಸಾಬಂದು ಹೇಳಿದಿ, ಚಲೋ ಮಾಡಿದಿ. ಅಷ್ಟ ಹೇಳಬೇಕಿತ್ತು. ನನ್ನ ಮೋರಿ ನೋಡೂದು ಬ್ಯಾಡಾಗಿತ್ತು ಅನ್ನೂದನ್ನ ಅಷ್ಟ ಮಂದಿ ಮುಂದ ಯಾಕ ಅಂದಿ?”

“ಖರೆ ಹೇಳಬೇಕಂತ ಅಕ್ಕಾ. ಹೊಟ್ಯಾಗ ಇಟ್ಕೊಳ್ಳಾಕ ಆಗಲಿಲ್ಲ.”

“ನಿನ್ನ ಹೊಟ್ಟಿ ಹಗರ ಆತು. ನಾ ಏನಾದೆ? ನಾ ಹೇಳಿದ್ದರಾಗ ನನಗ ಬೇಕಾತು, ಉಳದೆ. ನನ್ನ ಖುಷಿ. ನೀ ಹೇಳಿದ್ದರಾಗ ನಾ ಬಸ್ಸಿನ್ಯಾಗ ಮರತುಬಿಟ್ಟ ಛತ್ರಿ. ಗುಡೂರಿನ ಮನ್ಯಾಗ, ಈ ಮಂದ್ಯಾಗ, ನನಗ ಒಬ್ಬ ತಮ್ಮ ಅದಾನ ಅಂತ ತಲಿ ಎತ್ತಿ ತಿರಗ್ಯಾಡ್ತಿದ್ದೆ. ಈಗ ಎಲ್ಲಾರೂ ಪಾಪ ಅಂತಾರ.” ನಲ್ಲಿ ತಿರುವಿ ಮುಖಕ್ಕೆ ನೀರು ಹಾಕಿಕೊಂಡಳು. “ಬಿಟ್ಟು ಹ್ವಾದಾಗ ನನಗ ಇಷ್ಟ ಕೆಟ್ಟ ಅನಿಸಿರಲಿಲ್ಲ.”

ಅವಳು ಅಂದು ಸಂಜೆಯ ಬಸ್ಸಿಗೆ ಹೋದಳು. ಬಸ್‌ಸ್ಟಾಪಿನತನಕ ಬರುತ್ತೇನೆಂದವನನ್ನು ಬರಗೊಡಲಿಲ್ಲ. ಮಹೇಶ್ವರಿ ಮಾತ್ರ ಮರುದಿನವೇ ತಂಗಿಯ ಮನೆಗೆ ಫೋನು ಮಾಡಿದಳೆಂದು ನೀಲಾ ಹೇಳಿದಳು. ಮಂತ್ರಾಲಯದ ಬಾಡಿಗೆ ಅಲ್ಲಾಸಾಬನಿಗೆ ಸಿಕ್ಕಿತು. ಅವನು ಶಂಕರಲಿಂಗನನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಚಹಾ ಕುಡಿಸಿದ. ಒಂದು ಕಡೆಯದು ಅಲ್ಲಿಗೆ ಮುಗಿಯಿತು.

ಇನ್ನೊಂದು ಕಡೆಯದು ಮುಗಿಯಲಿಲ್ಲ. ಪಂಚಮಿಗೆ ಅಕ್ಕನನ್ನು ಕರೆಯಲು ತಮ್ಮ ಹೋಗಬೇಕು, ಅದು ಪದ್ಧತಿ. ಶಂಕರಲಿಂಗ ಡ್ಯೂಟಿ ಮುಗಿಸಿ ಮೋಟರಸೈಕಲ್ ಮೇಲೆ ಗುಡೂರಿಗೆ ಹೋದ. ಅವಳು ಹೊಲಕ್ಕೆ ಹೋಗಿದ್ದಳು. ಕಾದು ಕೂತ. ಬಂದವಳು, “ಈ ಸಲ ಮೊಣಕಾಲ ನೋಯ್ತಾವ, ಆಗೂದಿಲ್ಲ,” ಎಂದಳು. ಎರಡು ದಿನ ಬಿಟ್ಟು ಮತ್ತೆ ಹೋದ. “ಎಮ್ಮಿ ಕರಾ ಹಾಕೂದೈತಿ,” ಎಂದಳು. ಜುಲುಮೆ ಮಾಡಲು ಅವನಿಗೆ ಬಾಯಿ ಬರಲಿಲ್ಲ. ತಪ್ಪಾಯಿತು ಎಂಬ ಮಾತು ಈಗಾಗಲೇ ಸವೆದ ನಾಣ್ಯದಂತಾಗಿತ್ತು. ಹಾಗೇ ಕೂತು, ಎಮ್ಮೆಯ ಬೆನ್ನು ಸವರಿ, ಎದ್ದು ಬಂದ.

ನಾಗರ ಚೌತಿಯ ದಿನ ಮಧ್ಯಾಹ್ನ ಅವನು ಡ್ಯೂಟಿ ಇಳಿದು ಮನೆಗೆ ಬಂದಾಗ ಒಳಗಿಂದ ಎಳ್ಳು ಹುರಿದ ವಾಸನೆ ಬರುತ್ತಿತ್ತು. ಅಡುಗೆ ಮನೆಯಲ್ಲಿ ಗುರುಲಿಂಗವ್ವ ಕೂತು ಉಂಡಿ ಕಟ್ಟುತ್ತಿದ್ದಳು. ಸುನಂದಾ ಬೆಲ್ಲದ ಪಾಕ ಹಿಡಿಯುತ್ತಿದ್ದಳು.

“ಯಾವಾಗ ಬಂದಿ ಅಕ್ಕಾ?” ಎಂದ ಅವನು, ಬಾಗಿಲಲ್ಲೇ ನಿಂತು. “ನಾಳೆ ಮುಂಜಾನೆ ಮತ್ತ ಬರಾಂವಿದ್ದೆ ಕರಿಯಾಕ.”

“ಗೊತ್ತಿತ್ತು. ಅದಕ್ಕ ಇವತ್ತ ಬಂದೆ,” ಎಂದಳು ಅವಳು, ಕೈಯಲ್ಲಿದ್ದ ಉಂಡಿಯನ್ನು ತಿರುವಿ ತಿರುವಿ ಗಟ್ಟಿ ಮಾಡುತ್ತಾ. “ಕರದ್ರ ಬರೂದು, ಬಿಟ್ರ ಉಳಿಯೂದು, ಆ ಕಾಲ ಮುಗೀತು ಶಂಕ್ರ್ಯಾ. ಇನ್ನ ಮ್ಯಾಲ ನನಗ ಬೇಕಾದಾಗ ಬರ್ತೇನಿ, ಬೇಕಾದಾಗ ಹೋಗ್ತೇನಿ.”

ಅವಳು ತಲೆಯೆತ್ತಿ ಅವನನ್ನು ನೋಡಲಿಲ್ಲ. ಶಂಕರಲಿಂಗ ಹೆಗಲಿಗಿದ್ದ ಟಿಕೆಟ್ ಮಿಷಿನ್ನಿನ ಚೀಲವನ್ನು ಇಳಿಸಿ, ಕೈ ತೊಳೆದು ಬಂದು, ಅವಳಿಂದ ಒಂದಿಷ್ಟು ದೂರ ಕೂತ. ಬಾಣಲೆಯಲ್ಲಿದ್ದ ಎಳ್ಳು ಇನ್ನೂ ಬಿಸಿಯಾಗಿತ್ತು. ಅವನಿಗೆ ಉಂಡಿ ಕಟ್ಟಲು ಬರುತ್ತಿರಲಿಲ್ಲ. ಕಟ್ಟಿದ್ದು ಒಡೆಯಿತು. ಅವಳು ಅದನ್ನು ಕಂಡು, ತನ್ನ ಕೈಯ ಉಂಡಿಯನ್ನು ತಟ್ಟೆಗಿಟ್ಟಳು. ಅವನು ಮತ್ತೊಂದು ಹಿಡಿ ತೆಗೆದುಕೊಂಡ.